ಸ್ಥಳವೂ ಒಂದು ಮೂಲಪ್ರತಿ: ಕೊಡಗಿನ ಜೈನ ಶಾಸನಗಳು, ಕಡಂಗಗಳು ಮತ್ತು ಸಿದ್ದಾಪುರದ ಸೀಮೆ

ಕೊಡಗಿನ ಶಾಸನಗಳು ಮೂರು ಬಾರಿ ಸಂಪುಟರೂಪದಲ್ಲಿ ಬೆಳಕು ಕಂಡಿವೆ. 1886ರಲ್ಲಿ ಬಿ. ಎಲ್. ರೈಸರು ಮೊದಲ ಸಂಪುಟವನ್ನು ಹೊರತಂದರು; ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಮಹಾಮಾಲೆಗೆ ಅದೇ ನಾಂದಿಯಾಯಿತು. 1906ರಲ್ಲಿ ಅವರು ನಿವೃತ್ತರಾಗಿ ಸ್ವದೇಶಕ್ಕೆ ಮರಳಿದ ಬಳಿಕ 1914ರಲ್ಲಿ ಅದರ ಪರಿಷ್ಕೃತ ಆವೃತ್ತಿ ಬಂದಿತು. 1972ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಅದೇ ಸಂಪುಟವನ್ನು ಪುನಃ ಪರಿಷ್ಕರಿಸಿ ಪ್ರಕಟಿಸಿತು. ಪಾಠಶುದ್ಧಿಯ ದೃಷ್ಟಿಯಿಂದ ನೋಡಿದರೆ ಈ ಮೂರು ಮೆಟ್ಟಿಲುಗಳೂ ಮೇಲ್ಮುಖವಾದವೇ. ವಿದ್ವಲ್ಲೋಕವು ಆ ಮೂರಕ್ಕೂ ಋಣಿ. ಆದರೆ ಪಾಠವು ಹೀಗೆ ಶುದ್ಧವಾಗುತ್ತ ಬಂದ ಕಾಲದಲ್ಲೇ, ಆ ಪಾಠವು ಯಾವ ನೆಲದ ಮೇಲೆ ನಿಂತು ಮಾತನಾಡುತ್ತಿತ್ತೋ ಆ ನೆಲವು ಅಗೆತಕ್ಕೂ ಸಮತಟ್ಟಿಗೂ ಒಳಗಾಗುತ್ತ ಬಂದಿದೆ. ಶಾಸನವು ಪುಸ್ತಕದಲ್ಲಿ ಭದ್ರವಾಯಿತೆಂಬ ಸಮಾಧಾನವೇ ಸ್ಥಳದ ಉಪೇಕ್ಷೆಗೆ ಒಂದು ಕಾರಣವಾಯಿತೇ ಎಂಬುದು ಪ್ರಕೃತ ವಿಚಾರಾರ್ಹ.

ಹಸ್ತಪ್ರತಿಗಳಲ್ಲಿ ಪಳಗಿದವರಿಗೆ ಈ ಪ್ರಶ್ನೆ ಹೊಸದಲ್ಲ. ಮೂಡಬಿದಿರೆಯ ಸಿದ್ಧಾಂತ ಬಸದಿಯ ಧವಲಾ ಗ್ರಂಥದ ವೃತ್ತಾಂತವು ಎಲ್ಲರಿಗೂ ವಿದಿತವೇ ಇದೆ. 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅದರ ಮೊದಲ ಸಂಪುಟ ಅಚ್ಚಾದಾಗ ಸಂಪಾದಕರ ಕೈಯಲ್ಲಿದ್ದುದು ಮೂಲ ತಾಡಪತ್ರವಲ್ಲ, ಪ್ರತಿಯ ಪ್ರತಿ. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದವು ಆ ಪ್ರತಿಗಳಲ್ಲಿ ಇರಲಿಲ್ಲ. ಇರಬೇಕೆಂದು ಸಂಪಾದಕರು ಅರ್ಥಬಲದಿಂದ ಊಹಿಸಿದರು. ಒಂದು ಪದಕ್ಕಾಗಿ ಎಷ್ಟು ವಾದವಿವಾದ ನಡೆಯಿತೆಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಮೂಡಬಿದಿರೆಯ ಓಲೆಗಳನ್ನೇ ತೆರೆದು ನೋಡಿದಾಗ ಆ ಪದವು ಅಲ್ಲಿ ಇದ್ದಿತು. ಓಲೆಯು ಉಳಿದಿದ್ದುದರಿಂದ ಪಾಠವು ಇತ್ಯರ್ಥವಾಯಿತು. ಮುದ್ರಿತ ಪುಸ್ತಕವಿದೆಯಲ್ಲ ಎಂದು ಓಲೆಗಳನ್ನು ಅಷ್ಟರಲ್ಲಿ ಹೊಳೆಗೆ ಬಿಟ್ಟಿದ್ದರೆ ಆ ಸೂತ್ರವು ಇಂದಿಗೂ ಊಹೆಯ ಮೇಲೆಯೇ ನಿಂತಿರುತ್ತಿತ್ತು. ಶಾಸನದ ವಿಷಯದಲ್ಲಿ ಕಲ್ಲು ಓಲೆಯ ಸ್ಥಾನದಲ್ಲಿದೆ. ಕಲ್ಲು ನಿಂತ ಸ್ಥಳವೂ ಅದೇ ಓಲೆಯ ಭಾಗ ಎಂಬುದನ್ನು ಮಾತ್ರ ಸಾಮಾನ್ಯವಾಗಿ ಮರೆಯಲಾಗುತ್ತದೆ.

ಸ್ಥಳ ತಪ್ಪಿದ ಲೇಖಕ್ಕೆ ಒದಗುವ ಗತಿಗೆ ಮಡಿಕೇರಿಯ ತಾಮ್ರಶಾಸನಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ. ‘ಮರ್ಕರಾ ಶಾಸನ’ವೆಂದು ಪ್ರಸಿದ್ಧವಾದ ಇದನ್ನು ರೈಸರು 1872ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯ ಮೊದಲ ಸಂಪುಟದಲ್ಲಿ ಪ್ರಕಟಿಸಿದರು. ಗಂಗರ ಅವಿನೀತನ ಕಾಲದ್ದೆಂದು ಹೇಳಿಕೊಳ್ಳುವ ಈ ಶಾಸನದಲ್ಲಿ ತಳವನನಗರದ, ಎಂದರೆ ತಲಕಾಡಿನ, ಶ್ರೀವಿಜಯ ಜಿನಾಲಯಕ್ಕೆ ಬದಣೆಗುಪ್ಪೆ ಎಂಬ ಊರು ದತ್ತಿಯಾದ ಸಂಗತಿಯಿದೆ. ದೇಶಿಗಗಣದ ಕೊಂಡಕುಂದಾನ್ವಯದ ಗುರುಪರಂಪರೆಯೂ ಅಲ್ಲಿ ಉಕ್ತವಾಗಿದೆ. 388 ಎಂಬ ವರ್ಷಸಂಖ್ಯೆಯನ್ನು ಶಕವೆಂದು ಹಿಡಿದರೆ ಕ್ರಿ.ಶ. 466 ಆಗುತ್ತದೆ. ಆಚಾರ್ಯ ಕುಂದಕುಂದರ ಕಾಲವಿಚಾರದಲ್ಲಿ ಈ ಒಂದು ಸಂಖ್ಯೆಗೆ ಎಷ್ಟು ತೂಕ ಬಿದ್ದಿತೆಂಬುದನ್ನು 1935ರ ‘ಪ್ರವಚನಸಾರ’ದ ಆವೃತ್ತಿಗೆ ಡಾ. ಆ. ನೇ. ಉಪಾಧ್ಯೆಯವರು ಬರೆದ ಪೀಠಿಕೆಯನ್ನು ಓದಿದವರು ಬಲ್ಲರು. ಐದನೆಯ ಶತಮಾನದ ನಡುವೆ ಕೊಂಡಕುಂದಾನ್ವಯದಲ್ಲಿ ಹಲವು ತಲೆಮಾರಿನ ಗುರುಗಳು ಆಗಿಹೋಗಿದ್ದರೆಂದರೆ ಮೂಲಪುರುಷರು ಅದಕ್ಕಿಂತ ಬಹು ಹಿಂದಿನವರೆಂದಾಗುತ್ತದೆ. ಆದರೆ ಫ್ಲೀಟರು ಈ ಶಾಸನವನ್ನು ಕೂಟಶಾಸನವೆಂದು ತಳ್ಳಿಹಾಕಿದರು. ಅದರಲ್ಲಿ ಬರುವ ‘ಅಕಾಲವರ್ಷ’ ಎಂಬ ಹೆಸರು ರಾಷ್ಟ್ರಕೂಟರ ಬಿರುದಾದುದರಿಂದ, ಐದನೆಯ ಶತಮಾನದಲ್ಲಿ ಅದಕ್ಕೆ ಎಡೆಯಿಲ್ಲವೆಂಬ ಆಕ್ಷೇಪವು ಸಬಲವಾದುದೇ. ಹಳೆಯ ದತ್ತಿಯೊಂದನ್ನು ಮುಂದಿನ ಕಾಲದವರು ಹೊಸ ತಗಡಿನ ಮೇಲೆ ಬರೆಯಿಸುವಾಗ ತಮ್ಮ ಕಾಲದ ಹೆಸರನ್ನು ಸೇರಿಸಿದರೆಂಬ ಸಮಾಧಾನವೂ ಅಸಂಭವವಲ್ಲ. ಓಲೆಗಳಲ್ಲಿ ಲಿಪಿಕಾರನು ಇಂಥದನ್ನು ನಿತ್ಯವೂ ಮಾಡಿದ್ದಾನೆ.

ಈ ಎರಡು ಪಕ್ಷಗಳ ನಡುವೆ ನಿರ್ಣಯಿಸಲು ನೆರವಾಗಬಹುದಾಗಿದ್ದ ಸಾಕ್ಷ್ಯವು ಶಾಸನದ ಅಕ್ಷರಗಳಲ್ಲಿಲ್ಲ. ತಗಡುಗಳು ದೊರೆತದ್ದು ಮಡಿಕೇರಿಯ ಖಜಾನೆಯಲ್ಲಿ. ದತ್ತಿಯ ಜಿನಾಲಯ ತಲಕಾಡಿನಲ್ಲಿ. ಬದನಗುಪ್ಪೆ ಎಂಬ ಊರು ಇಂದಿಗೂ ಇರುವುದು ಚಾಮರಾಜನಗರದ ಸೀಮೆಯಲ್ಲಿ. ತಲಕಾಡಿನ ಬಸದಿಯ ತಗಡು ಯಾವ ಮಠದ, ಯಾವ ಮನೆತನದ, ಯಾವ ಅರಸನ ಕೈಯಿಂದ ಕೊಡಗಿಗೆ ಬಂದಿತು? ಯಾವ ನೆಲದಿಂದ ಎದ್ದಿತು? ಅದರೊಡನೆ ಬೇರೆ ಏನಿತ್ತು? ಈ ಮೂರು ಪ್ರಶ್ನೆಗಳಿಗೆ ಯಾರಾದರೂ ಒಂದು ಸಾಲಿನ ಟಿಪ್ಪಣಿಯನ್ನು ಬರೆದಿಟ್ಟಿದ್ದರೆ ನೂರೈವತ್ತು ವರ್ಷಗಳ ವಾದದಲ್ಲಿ ಅರ್ಧವು ಉಳಿಯುತ್ತಿತ್ತು. ತಗಡು ಉಳಿಯಿತು, ಅದರ ಊರು ಹೋಯಿತು.

ಕಲ್ಲಿನ ಶಾಸನಗಳ ಅದೃಷ್ಟವು ಇದಕ್ಕಿಂತ ಮೇಲು. ದಕ್ಷಿಣ ಕೊಡಗಿನ ಬಿಳಿಯೂರಿನ ಶಾಸನವು ಶಕ 809ರದು, ಕ್ರಿ.ಶ. 888. ಗಂಗರ ಸತ್ಯವಾಕ್ಯ ಪೆರ್ಮಾನಡಿಯ ಹದಿನೆಂಟನೆಯ ಆಳಿಕೆಯ ವರ್ಷ. ಪೆನ್ನೆಕಡಂಗದ ಸತ್ಯವಾಕ್ಯ ಜಿನಾಲಯಕ್ಕಾಗಿ, ಶಿವನಂದಿ ಸಿದ್ಧಾಂತ ಭಟಾರರ ಶಿಷ್ಯರಾದ ಸರ್ವನಂದಿದೇವರಿಗೆ, ಬಿಳಿಯೂರಿನ ಹನ್ನೆರಡು ಹಳ್ಳಿಗಳು ದತ್ತಿಯಾದವು. ಇದಾದ ಒಂಬತ್ತು ದಶಕಗಳ ಮೇಲೆ, ಶಕ 899ರಲ್ಲಿ, ಪೆಗ್ಗೂರಿನ ಶಾಸನ. ರಾಚಮಲ್ಲನ ತಮ್ಮ ರಕ್ಕಸನು ಬೆದ್ದೊರೆಗರೆಯನ್ನು ಆಳುತ್ತಿದ್ದಾಗ, ಗೋಣಸೇನ ಪಂಡಿತ ಭಟ್ಟಾರಕರ ಶಿಷ್ಯರೂ ಬೆಳ್ಗೊಳದವರೂ ಆದ ಅನಂತವೀರ್ಯರು ಪೆರ್ಗದೂರನ್ನೂ ಒಂದು ‘ಹೊಸ ಕಂದಕ’ವನ್ನೂ ಪಡೆದರೆಂದು ರೈಸರ ಅನುವಾದ. ಗೊಮ್ಮಟೇಶ್ವರನ ಮೂರ್ತಿಯು ಮೂಡಿದ ಕಾಲಕ್ಕೆ ತೀರ ಹತ್ತಿರದ ಈ ಲೇಖವು ಬೆಳ್ಗೊಳದ ಮುನಿಸಂಘಕ್ಕೂ ಕೊಡಗಿನ ಮಲೆಗೂ ಇದ್ದ ಸಂಬಂಧಕ್ಕೆ ನೇರ ಸಾಕ್ಷಿಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ಎರಡು ಶಾಸನಗಳಲ್ಲಿ ಗುರುಪರಂಪರೆಯ ಹೆಸರುಗಳನ್ನು ಜೈನ ವಿದ್ವಾಂಸರು ಕೂಲಂಕಷವಾಗಿ ಬಳಸಿದ್ದಾರೆ. ಎರಡರಲ್ಲೂ ಕಂದಕದ ಪ್ರಸ್ತಾಪವಿದೆಯೆಂಬುದಕ್ಕೆ ಅಷ್ಟು ಗಮನ ಸಂದಿಲ್ಲ. ಪೆನ್ನೆಕಡಂಗವೆಂಬುದು ಹೆಸರಿನಲ್ಲಿಯೇ ಕಡಂಗವನ್ನು ಹೊತ್ತಿದೆ. ಅದು ಊರೋ, ಕಡಂಗದ ಒಳಗಿನ ನಾಡೋ, ಜಿನಾಲಯವು ಅದರ ಅಂಚಿನಲ್ಲಿತ್ತೋ ಎಂಬುದನ್ನು ಶಾಸನಪಾಠದಿಂದ ಹೇಳಲಾಗದು. ಪೆಗ್ಗೂರಿನ ಹೊಸ ಕಂದಕವಂತೂ ದತ್ತಿಯ ವಸ್ತುವೇ ಆಗಿದೆ. ಮುನಿಗಳಿಗೆ ಕಂದಕವನ್ನು ಕೊಡುವುದೆಂದರೇನು? ಕಂದಕವು ಎಲ್ಲೆಯಾಗಿದ್ದು ಅದರವರೆಗಿನ ಭೂಮಿಯನ್ನು ಕೊಟ್ಟರೆಂದು ಅರ್ಥವೇ, ಅದರಿಂದ ಬರುವ ಸುಂಕವೇ, ಅಥವಾ ಆ ಹೆಸರಿನ ಒಕ್ಕಲೇ? ಅನುವಾದವು ಈ ಪ್ರಶ್ನೆಯನ್ನು ಎತ್ತದೆ ದಾಟಿಹೋಗುತ್ತದೆ. ಮುಂದಿನ ಆವೃತ್ತಿಗಳನ್ನು ಹಿಡಿದು ಬರೆದವರೂ ‘ಗ್ರಾಮದಾನ’ವೆಂದು ಒಂದು ಮಾತಿನಲ್ಲಿ ಮುಗಿಸುವುದೇ ರೂಢಿಯಾಯಿತು. ಇದು ಪಾಠವಿಮರ್ಶೆಯ ಲೋಪವಲ್ಲ, ಸ್ಥಳವಿಮರ್ಶೆಯ ಲೋಪ. ಪೆಗ್ಗೂರಿನ ನೆಲದ ಮೇಲೆ ಕಡಂಗದ ಜಾಡನ್ನು ಹಿಡಿದು ನಡೆದು, ಅದು ಯಾವ ಗದ್ದೆ ಬಯಲನ್ನು ಸುತ್ತುವರಿಯುತ್ತದೆ, ಎಲ್ಲಿ ಹೊಳೆಯನ್ನು ಮುಟ್ಟುತ್ತದೆ ಎಂದು ನಕ್ಷೆ ಬರೆದವರು ಮಾತ್ರ ಈ ದತ್ತಿಗೆ ವ್ಯಾಖ್ಯಾನ ಬರೆಯಬಲ್ಲರು.

ಕಡಂಗಗಳೆಂದರೇನೆಂಬುದು ಕೊಡಗಿನ ಹೊರಗಿನ ಓದುಗರಿಗೆ ಅಪರಿಚಿತವಿರಬಹುದು. ನೆಲವನ್ನು ಆಳವಾಗಿ ಅಗೆದು, ತೆಗೆದ ಮಣ್ಣನ್ನು ಒಂದು ಬದಿಗೆ ದಿಬ್ಬವಾಗಿ ಒಡ್ಡಿದ ಕಂದಕಗಳಿವು. ಬೆಟ್ಟ, ಕಾಡು, ಗದ್ದೆಗಳನ್ನು ದಾಟಿ ಬಹುದೂರ ಸಾಗುತ್ತವೆ. ನಾಡುಗಳ ಎಲ್ಲೆಯೆಂದೂ ಕಾಳಗದ ರಕ್ಷಣೆಯೆಂದೂ ಸ್ಥಳೀಯರು ಹೇಳುವರು. ವಿರಾಜಪೇಟೆಯ ಬಳಿಯ ಕಡಂಗ, ಕಡಂಗ ಮರೂರು ಮುಂತಾದ ಊರ ಹೆಸರುಗಳಲ್ಲಿ ಅವು ಉಳಿದಿವೆ. ಪಾದ್ರಿ ರಿಕ್ಟರರ 1870ರ ಕೊಡಗಿನ ಕೈಪಿಡಿಯಲ್ಲಿ ಕಲ್ಲುಗೋರಿಗಳ ಜೊತೆಗೆ ಇವುಗಳ ವರ್ಣನೆಯೂ ಇದೆ. ಆದರೆ ಸ್ಮಾರಕವೆಂದರೆ ಕಲ್ಲಿನ ಕಟ್ಟಡವೆಂಬ ಭಾವನೆ ಬೇರೂರಿರುವುದರಿಂದ, ಮಣ್ಣಿನ ಈ ಸ್ಮಾರಕಕ್ಕೆ ಪುರಾತತ್ವದ ಪಂಕ್ತಿಯಲ್ಲಿ ಎಲೆ ಹಾಕಿದವರು ವಿರಳ.

ಸಿದ್ದಾಪುರದ ಸೀಮೆಯ ಪ್ರಸ್ತಾಪ ಇಲ್ಲಿ ಅವಶ್ಯ. ಕಾವೇರಿಯ ದಡದ ಈ ಪೇಟೆಯೂ ಅದರ ಸುತ್ತಲಿನ ಮಾಲ್ದಾರೆ, ಪಾಲಿಬೆಟ್ಟ, ಅಮ್ಮತ್ತಿಯ ಕಡೆಯ ನೆಲವೂ ಇಂದು ಕಾಫಿತೋಟಗಳ ಸೀಮೆ. 1854ರಲ್ಲಿ ಮಡಿಕೇರಿಯ ಬಳಿ ಯುರೋಪಿಯನರ ಮೊದಲ ತೋಟವು ಎದ್ದ ಮೇಲೆ, ಪೂರ್ವದ ಬಿದಿರುಕಾಡಿನ ಈ ಪ್ರದೇಶಕ್ಕೂ ಕಾಫಿ ಹಬ್ಬಿತು. ತೋಟಗಾರರು ಇದನ್ನು ‘ಬ್ಯಾಂಬೂ’ ಎಂದೇ ಕರೆಯುತ್ತಿದ್ದರು. ತೋಟವೆಂಬುದು ಪುರಾತತ್ವಕ್ಕೆ ಎರಡು ಬಗೆಯ ನೆರೆಮನೆ. ನೆರಳಿನ ಮರಗಳ ಕೆಳಗೆ ನೆಲವನ್ನು ಬಹುಕಾಲ ಕಲಕದೆ ಬಿಡುವುದರಿಂದ ಹಳೆಯ ದಿಬ್ಬ ಹಳ್ಳಗಳು ಉಳಿಯುತ್ತವೆ. ಕೈಬದಲಾಗಿ ರಸ್ತೆಯೋ ಕಣವೋ ವಸತಿಗೃಹವೋ ಬರುವ ದಿನ, ಒಂದು ಯಂತ್ರವು ಒಂದು ಮಧ್ಯಾಹ್ನದಲ್ಲಿ ಅವನ್ನು ಅಳಿಸಿಬಿಡುತ್ತದೆ. ಖಾಸಗಿ ಸ್ವತ್ತಿನ ಬೇಲಿಯೊಳಗೆ ನಡೆಯುವ ಈ ಅಳಿವಿಗೆ ಹೊರಗಿನ ಸಾಕ್ಷಿಯಿಲ್ಲ.

ಇದರ ಮೇಲೆ ಆನೆಯ ಪ್ರಶ್ನೆ. ಮಾಲ್ದಾರೆ, ಸಿದ್ದಾಪುರದ ಕಡೆ ಕಾಡಾನೆಗಳು ತೋಟಕ್ಕಿಳಿಯುವುದೂ ಅದರಿಂದ ಕೂಲಿಕಾರರ ಜೀವಹಾನಿಯಾಗುವುದೂ ದುಃಖಕರವಾದ ವಾಸ್ತವ. ಆನೆಯನ್ನು ತಡೆಯಲು ಕಾಡಿನಂಚಿನಲ್ಲಿ ಕಂದಕ ತೋಡುವುದನ್ನು ಯಾರೂ ಆಕ್ಷೇಪಿಸಲಾರರು. ಜೀವದಯೆಯನ್ನು ಓದಿದವರಂತೂ ಆಕ್ಷೇಪಿಸಬಾರದು. ಆದರೆ ಹೊಸ ಕಂದಕವನ್ನು ತೋಡುವವರಿಗೆ ಹಳೆಯ ಕಡಂಗವು ಸಿದ್ಧ ಕಾಲುವೆಯಂತೆ ಕಾಣಬಹುದು. ಅದನ್ನೇ ಅಗಲಿಸಿದರೆ ಕೆಲಸ ಸುಲಭ. ಆಗ ಹತ್ತನೆಯ ಶತಮಾನದ ಅಗೆತವೂ ಇಪ್ಪತ್ತೊಂದನೆಯ ಶತಮಾನದ ಅಗೆತವೂ ಒಂದೇ ಹೊಂಡವಾಗಿ ಬೆರೆಯುತ್ತವೆ. ಹಳೆಯ ಓಲೆಯ ಅಕ್ಷರಗಳ ಮೇಲೆಯೇ ಹೊಸ ಕಂಟದಿಂದ ತಿದ್ದಿ ಬರೆದಂತೆ ಇದು: ಕೆಳಗಿನ ಪಾಠವನ್ನು ಮತ್ತೆ ಓದಲಾಗದು. ಕ್ರಿ.ಶ. 978ರ ಸುಮಾರಿಗೆ ಪೆಗ್ಗೂರಿನ ಕಂದಕವೂ ‘ಹೊಸ’ದೇ ಆಗಿತ್ತು, ಅದು ಹೊಸದೆಂದು ಕಲ್ಲಿನಲ್ಲಿ ಬರೆದಿಟ್ಟರು. ಈಗಿನ ಕಂದಕ ಯಾವ ವರ್ಷ ಎಲ್ಲಿ ತೋಡಲ್ಪಟ್ಟಿತೆಂಬುದನ್ನು ಗ್ರಾಮದ ದಾಖಲೆಯಲ್ಲಿ ಬರೆದಿಟ್ಟರೂ ಮುಂದಿನ ಸಂಶೋಧಕನಿಗೆ ಅದೇ ಶಾಸನವಾಗುತ್ತದೆ.

ಹೊಳೆಯೂ ತನ್ನ ಕೆಲಸವನ್ನು ಮಾಡುತ್ತಿದೆ. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಸಿದ್ದಾಪುರದ ಬಳಿಯ ಕರಡಿಗೋಡು, ಗುಹ್ಯ, ಎದುರು ದಡದ ನೆಲ್ಲಿಹುದಿಕೇರಿ ಮುಂತಾದ ಎಡೆಗಳಲ್ಲಿ ಕಾವೇರಿಯು ಮನೆಗಳನ್ನು ಕೊಚ್ಚಿಕೊಂಡುಹೋಯಿತು. ದಡವು ಕುಸಿದಲ್ಲಿ ಮನುಷ್ಯರಿಗೆ ನೆಲೆ ಕಲ್ಪಿಸುವುದೇ ಮೊದಲ ಕರ್ತವ್ಯ. ಅದರ ನಂತರದ ಕರ್ತವ್ಯ ಒಂದುಂಟು: ಕುಸಿದ ದಡದಲ್ಲಿ ಹಳೆಯ ಕಲ್ಲು, ಇಟ್ಟಿಗೆ, ಮಡಕೆ ಚೂರುಗಳೇನಾದರೂ ಹೊರಬಿದ್ದಿವೆಯೇ ಎಂದು ನೀರು ಇಳಿದ ವಾರದಲ್ಲೇ ನೋಡುವುದು. ದೂರದ ಇಲಾಖೆಯಿಂದ ಅದು ಆಗುವ ಕೆಲಸವಲ್ಲ, ಊರಿನವರಿಂದಲೇ ಆಗಬೇಕು.

ಸಿದ್ದಾಪುರದ ಮಾತು ಬಂದಾಗ ಒಂದು ಎಚ್ಚರಿಕೆಯೂ ಅಗತ್ಯ. ಹೆಸರಿನಲ್ಲಿ ‘ಸಿದ್ಧ’ ಶಬ್ದವನ್ನು ಕಂಡೊಡನೆ ಸಿದ್ಧಪರಮೇಷ್ಠಿಗಳನ್ನು ಸ್ಮರಿಸಿ ಅದನ್ನು ಪ್ರಾಚೀನ ಜೈನಕ್ಷೇತ್ರವೆಂದು ಘೋಷಿಸುವ ಉತ್ಸಾಹವು ಶ್ರಾವಕರ ಸಭೆಗಳಲ್ಲಿ ಅಪರೂಪವಲ್ಲ. ಸಿದ್ದಾಪುರಗಳು ಕನ್ನಡ ನಾಡಿನಲ್ಲಿ ಹಲವು. 1892ರಲ್ಲಿ ಇದೇ ರೈಸರಿಗೆ ಅಶೋಕನ ಧರ್ಮಲಿಪಿ ದೊರೆತದ್ದು ಚಿತ್ರದುರ್ಗ ಜಿಲ್ಲೆಯ ಸಿದ್ದಾಪುರದಲ್ಲಿ. ಅದಕ್ಕೂ ಕೊಡಗಿನ ಪೇಟೆಗೂ ಹೆಸರಿನ ಹೊರತು ಸಂಬಂಧವಿಲ್ಲ. ಹಾಗೆಯೇ ‘ಬೆದ್ದೊರೆಗರೆ’, ದೊಡ್ಡ ಹೊಳೆಯ ದಡ, ಎಂಬುದನ್ನು ಸಿದ್ದಾಪುರದ ಕಾವೇರಿಗೆ ಎಳೆದು ತರುವುದೂ ಯುಕ್ತವಲ್ಲ. ದತ್ತಿಯ ಊರುಗಳು ದಕ್ಷಿಣದವಾದುದರಿಂದ ಲಕ್ಷ್ಮಣತೀರ್ಥದ ಪಕ್ಷವೇ ಬಲವಾದುದು. ಇಲ್ಲದ ಬಸದಿಯನ್ನು ಹೆಸರಿನಿಂದ ಎಬ್ಬಿಸುವುದೂ ಇರುವ ಕಡಂಗವನ್ನು ಯಂತ್ರದಿಂದ ಅಳಿಸುವುದೂ ಒಂದೇ ದೋಷದ ಎರಡು ಮುಖಗಳು. ಎರಡರಲ್ಲೂ ಸ್ಥಳವನ್ನು ಯಾರೂ ಓದಿಲ್ಲ.

ಉತ್ತರ ಕೊಡಗಿನ ಮುಳ್ಳೂರಿನಲ್ಲಿ ಸ್ಥಿತಿ ಬೇರೆ. ಶನಿವಾರಸಂತೆಯ ಸಮೀಪದ ಈ ಊರಿನಲ್ಲಿ ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥರ ಮೂರು ಬಸದಿಗಳು ಒಂದೆಡೆ ನಿಂತಿವೆ. ಶಾಸನಗಳೂ ಅಲ್ಲಿಯೇ ಇವೆ. ಕೊಂಗಾಳ್ವ ರಾಜೇಂದ್ರನ ಕಾಲದ 1058ರ ಲೇಖದಲ್ಲಿ ಆತನ ತಾಯಿ ಪೋಚಬ್ಬರಸಿಯೂ ಗುರು ಗುಣಸೇನ ಪಂಡಿತರೂ ಬರುತ್ತಾರೆ. 1064ರ ಲೇಖವು ದ್ರವಿಳ ಗಣದ ಅರುಂಗಳಾನ್ವಯದ ಆ ಗುಣಸೇನರ ದೇಹತ್ಯಾಗವನ್ನು ಹೇಳುತ್ತದೆ. ಅವರು ತೋಡಿಸಿದ ನಾಗಬಾವಿಯ ಉಲ್ಲೇಖವೂ ಉಂಟು. ಬಸದಿ, ಬಾವಿ, ಗುರುವಿನ ನಿಷಿಧಿ, ಅರಸಿಯ ಭಕ್ತಿ: ಇವೆಲ್ಲ ಒಂದೇ ಅಂಗಳದೊಳಗೆ ಒಂದನ್ನೊಂದು ವ್ಯಾಖ್ಯಾನಿಸುವುದರಿಂದಲೇ ಮುಳ್ಳೂರಿನ ಗುಣಸೇನರು ಬರಿಯ ಹೆಸರಾಗಿ ಉಳಿಯದೆ ಒಬ್ಬ ಆಚಾರ್ಯರಾಗಿ ಕಾಣುತ್ತಾರೆ. ಬಿಳಿಯೂರಿನ ಸರ್ವನಂದಿಗಳ ವಿಷಯದಲ್ಲಿ ಈ ಭಾಗ್ಯವಿಲ್ಲ. ಅವರ ಜಿನಾಲಯದ ಹೆಸರು ಉಳಿದಿದೆ. ಮುಳ್ಳೂರಿನಂತೆ ಅಂಗಳ ಉಳಿಯಲಿಲ್ಲ.

ಮುಳ್ಳೂರಿನಿಂದ ಕಲಿಯಬೇಕಾದ ಇನ್ನೊಂದು ಪಾಠವುಂಟು. ಹಿಂದಿನವರು ಜೀರ್ಣೋದ್ಧಾರ ಮಾಡಿದಾಗ ಅದನ್ನು ಶಾಸನದಲ್ಲಿ ಹೇಳಿದರು: ಯಾರು, ಯಾವ ಸಂವತ್ಸರದಲ್ಲಿ, ಯಾರ ಪುಣ್ಯಾರ್ಥ ಎಂದು. ಒಳ್ಳೆಯ ಲಿಪಿಕಾರನು ಗ್ರಂಥಾಂತ್ಯದಲ್ಲಿ ತನ್ನ ಹೆಸರನ್ನೂ ತಿಥಿಯನ್ನೂ ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಬೇಡಿಕೊಳ್ಳುವಂತೆ. ಇಂದಿನ ಜೀರ್ಣೋದ್ಧಾರದಲ್ಲಿ ದಾನಿಗಳ ಹೆಸರು ಅಮೃತಶಿಲೆಯಲ್ಲಿ ಕಾಣುತ್ತದೆ, ಏನನ್ನು ಬದಲಿಸಿದರೆಂಬುದು ಕಾಣುವುದಿಲ್ಲ. ನೆಲಕ್ಕೆ ಹೊಸ ಹಾಸುಗಲ್ಲು ಹಾಕುವಾಗ ಪೀಠದ ಶಾಸನದ ಕೆಳಸಾಲು ಮುಚ್ಚಿಹೋಗುತ್ತದೆ. ವಜ್ರಲೇಪದಲ್ಲಿ ಲಾಂಛನವು ಮರೆಯಾದರೆ ಪಾರ್ಶ್ವರೋ ಸುಪಾರ್ಶ್ವರೋ ಎಂಬಲ್ಲಿಗೇ ಸಂದೇಹ ಬರುತ್ತದೆ. ಗೋಡೆಗೆ ಬಣ್ಣ ಬಳಿದ ಮೇಲೆ ಪಡಿಯಚ್ಚು ತೆಗೆಯಲಾಗದು. ಇದನ್ನು ಮಾಡುವವರು ಧರ್ಮದ್ವೇಷಿಗಳಲ್ಲ, ಪರಮಭಕ್ತರು. ಪಾಠವನ್ನು ಕೆಡಿಸಿದ ಲಿಪಿಕಾರರಲ್ಲಿಯೂ ಹೆಚ್ಚಿನವರು ಅರ್ಥ ತಿಳಿಯದ ದಡ್ಡರಲ್ಲ. ಅರ್ಥ ತಿಳಿದೆನೆಂದು ಸುಂದರವಾಗಿ ತಿದ್ದಿದವರೇ. ಪೂಜೆಯಲ್ಲಿರುವ ಬಸದಿಯನ್ನು ಸಂಗ್ರಹಾಲಯವಾಗಿಸಬೇಕೆಂದು ಯಾರೂ ಹೇಳುವುದಿಲ್ಲ. ಲೇಪಕ್ಕೆ ಮುಂಚೆ ಒಂದು ಛಾಯಾಚಿತ್ರ, ಒಂದು ಪಡಿಯಚ್ಚು, ಅಳತೆಯ ಒಂದು ಹಾಳೆ ಇದ್ದರೆ ಉಪಾಸನೆಗೂ ಸಂಶೋಧನೆಗೂ ವಿರೋಧವಿರದು.

ಕಾನೂನಿನ ಬಲ ಇಲ್ಲದಿಲ್ಲ. ಕೇಂದ್ರದ 1958ರ ಅಧಿನಿಯಮವೂ ರಾಜ್ಯದ 1961ರ ಅಧಿನಿಯಮವೂ ಘೋಷಿತ ಸ್ಮಾರಕಗಳನ್ನು ಕಾಯುತ್ತವೆ. 2010ರ ತಿದ್ದುಪಡಿಯಿಂದ ಕೇಂದ್ರರಕ್ಷಿತ ಸ್ಮಾರಕದ ಸುತ್ತ ನೂರು ಮೀಟರುಗಳೊಳಗೆ ಹೊಸ ಕಟ್ಟಡ ನಿಷಿದ್ಧ. ಆದರೆ ಇವೆಲ್ಲ ಘೋಷಣೆಯ ಅನಂತರದ ಮಾತು. ತೋಟದ ಬೇಲಿಯೊಳಗಿನ ಕಡಂಗವನ್ನು ಮೊದಲು ಯಾರಾದರೂ ಕಂಡು, ಅಳೆದು, ಬರೆಯಬೇಕು. ಅಲ್ಲಿ ಮಾಲೀಕನ ಭಯವೂ ಒಂದು ಅಡ್ಡಿ. ಕಲ್ಲೊಂದು ಸಿಕ್ಕಿತೆಂದು ತಿಳಿಸಿದರೆ ನಿಧಿಯ ಕಾಯಿದೆಯ ಗೋಜು, ಭೂಮಿ ಕೈತಪ್ಪೀತೆಂಬ ಅಂಜಿಕೆ. ಅದಕ್ಕಿಂತ ಕಲ್ಲನ್ನು ಮಗುಚಿ ಮೆಟ್ಟಿಲು ಮಾಡುವುದೇ ಕ್ಷೇಮವೆಂದು ತೋರುತ್ತದೆ. ಈ ಅಂಜಿಕೆಯನ್ನು ಅಧಿಕಾರಿಯ ನೋಟೀಸು ಕಳೆಯಲಾರದು. ನೆರೆಯವನ ಮಾತು ಕಳೆಯಬಲ್ಲುದು.

ಪ್ರಾದೇಶಿಕ ಪುರಾತತ್ವ ಸಮಿತಿಯ ಅಗತ್ಯ ತೋರುವುದು ಇಲ್ಲಿಯೇ. ಇಂಥ ಸಮಿತಿಗಳೆಂದರೆ ವರ್ಷಕ್ಕೊಂದು ಸಮ್ಮೇಳನ, ಅಭಿನಂದನ ಗ್ರಂಥ, ಸಿಕ್ಕ ವಿಗ್ರಹಗಳನ್ನು ಒಂದು ಕೋಣೆಯಲ್ಲಿ ಸಾಲಾಗಿ ನಿಲ್ಲಿಸುವುದು, ಇಷ್ಟೇ ಎಂಬಂತಾಗಿದೆ. ಕೋಣೆಯಲ್ಲಿ ನಿಲ್ಲಿಸಿದ ಬಿಂಬಕ್ಕೆ ಊರು, ಹೊಲ, ದಿಕ್ಕು ಬರೆದ ಚೀಟಿ ಇಲ್ಲವಾದರೆ ಅದು ಇನ್ನೊಂದು ಮರ್ಕರಾ ತಗಡೇ ಸರಿ. ಇದಕ್ಕೆ ಭಿನ್ನವಾದ ಮಾದರಿಯೂ ನಾಡಿನಲ್ಲಿದೆ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿಯ ಅಗೆತದಲ್ಲಿ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ, ಕಿತ್ತಯ್ಯನ ವೀರಗಲ್ಲು ಹೊರಬಂದಾಗ, ಅದನ್ನು ಅದೇ ಊರಿನಲ್ಲಿ ಮಂಟಪ ಕಟ್ಟಿ ನಿಲ್ಲಿಸಿದರು. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಊರೂರಿಗೆ ಹೋಗಿ ಹುಡುಕಿ, ಮೂರು ಆಯಾಮಗಳ ಯಾಂತ್ರಿಕ ಪ್ರತಿಯನ್ನು ತೆಗೆಯುವ ಕೆಲಸವನ್ನು ಕೈಗೊಂಡಿತು. ರೈಸರು ಓದಿದ ಕಲ್ಲುಗಳನ್ನೇ ಮತ್ತೆ ಓದಿ ಪಾಠವನ್ನು ತಿದ್ದಲು ಇದರಿಂದ ಅನುಕೂಲವಾಯಿತು. ಯಂತ್ರದ ಸೊಗಸಿಗಿಂತ ಮುಖ್ಯವಾದುದು ಅವರು ಕಲ್ಲಿನ ಬಳಿಗೆ ಹೋದರೆಂಬುದು.

ಕೊಡಗಿಗೆ ಬೇಕಾದುದು ಅಷ್ಟು ದೊಡ್ಡ ಸಂಸ್ಥೆಯೂ ಅಲ್ಲ. ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಕನ್ನಡ ಪ್ರಾಂತದ ತಾಡಪತ್ರಗಳ ಸೂಚಿಯನ್ನು ಪ್ರಕಟಿಸಿದಾಗ ಗ್ರಂಥಗಳನ್ನು ಒಂದೆಡೆಗೆ ಸಾಗಿಸಲಿಲ್ಲ. ಯಾವ ಭಂಡಾರದಲ್ಲಿ ಯಾವ ಗ್ರಂಥವಿದೆಯೆಂದು ಬರೆದರು. ಕಡಂಗಗಳಿಗೂ ಅದೇ ಬಗೆಯ ಸೂಚಿ ಸಾಕು. ಊರು, ತೋಟ, ಉದ್ದ, ಆಳ, ದಿಬ್ಬ ಯಾವ ಬದಿಗಿದೆ, ಹಿರಿಯರು ಅದನ್ನು ಏನೆಂದು ಕರೆಯುತ್ತಾರೆ, ಯಾವ ವರ್ಷ ಎಷ್ಟು ಭಾಗ ಮುಚ್ಚಿತು: ಪ್ರತಿಯೊಂದಕ್ಕೂ ಒಂದು ಪುಟ. ಮಾಲೀಕನಿಗೆ ಒಂದು ಪ್ರತಿ, ಗ್ರಾಮ ಪಂಚಾಯತಿಗೆ ಒಂದು, ಮಡಿಕೇರಿಯ ಕೋಟೆಯಲ್ಲಿರುವ ಸರಕಾರಿ ಸಂಗ್ರಹಾಲಯಕ್ಕೆ ಒಂದು. ಸಿದ್ದಾಪುರ, ಪಾಲಿಬೆಟ್ಟಗಳಲ್ಲಿ ಶಾಲಾ ಅಧ್ಯಾಪಕರೂ ತೋಟದ ಬರಹಗಾರರೂ ಭಾನುವಾರಗಳಂದು ನಡೆದು ಈ ಸೂಚಿಯನ್ನು ಎರಡು ಬೇಸಗೆಗಳಲ್ಲಿ ಮುಗಿಸಬಹುದು. ಜೈನ ಸಂಸ್ಥೆಗಳು ಇದಕ್ಕೆ ಒದಗಿಸಬೇಕಾದುದು ಧನಕ್ಕಿಂತ ಮಿಗಿಲಾಗಿ ಶಾಸನದ ಹಳಗನ್ನಡವನ್ನು ನೆಲದ ಮೇಲೆ ನಿಂತು ಅರ್ಥೈಸಬಲ್ಲ ಒಬ್ಬ ಪಂಡಿತನನ್ನು.

ಮೊದಲ ಹೆಜ್ಜೆಯನ್ನು ಎಲ್ಲಿಡಬೇಕೆಂಬುದಕ್ಕೆ ಸಂದೇಹವಿಲ್ಲ. 1972ರ ಸಂಪುಟದ ಪೆಗ್ಗೂರಿನ ಪಾಠವನ್ನು ಕೈಯಲ್ಲಿ ಹಿಡಿದು, ಮಳೆಗಾಲಕ್ಕೆ ಮುಂಚೆ, ಗಿಡಗಂಟಿ ಒಣಗಿ ದಿಬ್ಬಗಳು ಕಾಣುವ ದಿನಗಳಲ್ಲಿ, ಆ ಊರಿನ ಎಲ್ಲೆಗಳನ್ನು ಒಂದು ಸಾರಿ ಸುತ್ತಿಬರುವುದು.